ಸರ್ವರ್ ಇಲ್ಲ, ನಾಳೆ ಬನ್ನಿ!

ಜುಲೈ ತಿಂಗಳ ಕೊನೆಯ ದಿನಗಳು. ಬೀದರ ಜಿಲ್ಲೆಯ ಹುಮನಾಬಾದ ಸೀಮೆಯ ಕೊಡಂಬಲದ ಸುತ್ತಮುತ್ತ ತೊಗರಿ, ಸೋಯಾ ಪೈರುಗಳು ನೆಲದಿಂದ ಮೇಲೆದ್ದು ನಿಂತಿರುವ ಕಾಲ. ಅಂತಹ ಒಂದು ಮುಂಜಾನೆ ರೈತನೊಬ್ಬ ಎಡೆ ಹೊಡೆಯುವ ಕೆಲಸವನ್ನು ಮಗನಿಗೆ ವಹಿಸಿ, ಪಹಣಿ, ಆಧಾರ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕುಗಳನ್ನು ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಹೊರಡುತ್ತಾನೆ. ಬೆಳೆ ವಿಮೆಗೆ ಹೆಸರು ಬರೆಸಬೇಕು. ಇಂತಹ ಬೆಳೆಗಳಿಗೆ ಸಾಮಾನ್ಯವಾಗಿ ಜುಲೈ ೩೧ ಕಡೆಯ ದಿನ. ಗ್ರಾಮ ಒನ್ ಕೇಂದ್ರದ ಮುಂದೆ ಆಗಲೇ ಇಪ್ಪತ್ತು ಮೂವತ್ತು ಮಂದಿಯ ಪಾಳಿ. ಮಧ್ಯಾಹ್ನದವರೆಗೆ ಕಾದು ಅವನು ಮೇಜಿನ ಬಳಿ ಬರುವ ಹೊತ್ತಿಗೆ ಕಂಪ್ಯೂಟರಿನ ತೆರೆಯ ಮೇಲೆ ಸಣ್ಣದೊಂದು ಚಕ್ರ ಸುತ್ತುತ್ತಿರುತ್ತದೆ. ಅದು ಸುತ್ತುತ್ತಲೇ ಇರುತ್ತದೆ. ಕೊನೆಗೆ ಕುರ್ಚಿಯಲ್ಲಿದ್ದ ತರುಣ ತಲೆಯೆತ್ತಿ ಹೇಳುತ್ತಾನೆ: “ಸರ್ವರ್ ಇಲ್ರಿ ಕಾಕಾ, ನಾಳಿಗಿ ಬರ್ರಿ.”

ಇದು ಒಬ್ಬನ ಕಥೆಯಲ್ಲ. ಕೊಡಂಬಲದ ಕಥೆ ಮಾತ್ರವೂ ಅಲ್ಲ. ಪಡಿತರದ ಅಂಗಡಿಯಲ್ಲಿ, ನಾಡಕಚೇರಿಯಲ್ಲಿ, ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ, ಬೆಂಗಳೂರಿನ ವಿದ್ಯಾವಂತ ಗೃಹಸ್ಥನ ಅಂಗೈಯ ಫೋನಿನಲ್ಲಿ ಕೂಡ ಈ ಮಾತು ಕೇಳಿಬರುತ್ತದೆ. ಹಿಂದಿನವರು “ಸಾಹೇಬರು ಇಲ್ಲ” ಎಂಬ ಉತ್ತರ ಕೇಳಿ ಮರಳುತ್ತಿದ್ದಂತೆ ಇಂದಿನವರು “ಸರ್ವರ್ ಇಲ್ಲ” ಎಂದು ಕೇಳಿ ಮರಳುತ್ತಾರೆ. ಮಳೆ ಬಾರದಿದ್ದರೆ ದೈವವನ್ನು ದೂರುವ ಹಾಗೆ ಇದನ್ನೂ ವಿಧಿಯೆಂದು ಭಾವಿಸಿದವರು ಅನೇಕರು. ಆದರೆ ಇದು ವಿಧಿಯಲ್ಲ. ಇದರ ಹಿಂದೆ ಬಹಳ ಸರಳವಾದ ಒಂದು ಲೆಕ್ಕವಿದೆ. ಆ ಲೆಕ್ಕವನ್ನು ಮೊದಲೇ ಹಾಕಿಟ್ಟವರು ಗೆಲ್ಲುತ್ತಾರೆ. ಹಾಕದವರ ತಪ್ಪಿಗೆ ಪಾಳಿಯಲ್ಲಿ ನಿಂತವರು ದಂಡ ತೆರುತ್ತಾರೆ.

ಮೋಡದೊಳಗಿನ ಬಾಡಿಗೆ ಮನೆ

ಸರ್ವರ್ ಎಂಬುದು ಮಾಯೆಯ ವಸ್ತುವೇನೂ ಅಲ್ಲ. ಅದೂ ಒಂದು ಕಂಪ್ಯೂಟರು. ಮನೆಯ ಕಂಪ್ಯೂಟರು ಒಬ್ಬನ ಕೆಲಸ ಮಾಡಿದರೆ, ಇದು ದೂರದಿಂದ ಬರುವ ಸಾವಿರಾರು ಜನರ ಕೋರಿಕೆಗಳಿಗೆ ಉತ್ತರ ಕೊಡುತ್ತದೆ, ಅಷ್ಟೇ ವ್ಯತ್ಯಾಸ.

ಈ ಶತಮಾನದ ಆರಂಭದಲ್ಲಿ ಕರ್ನಾಟಕ ಸರ್ಕಾರ ‘ಭೂಮಿ’ ಯೋಜನೆಯ ಮೂಲಕ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಸುಮಾರು ೬೭ ಲಕ್ಷ ರೈತರ ೨ ಕೋಟಿ ಪಹಣಿಗಳು ಆಗ ಕಾಗದದಿಂದ ಯಂತ್ರಕ್ಕೆ ಬಂದವು. ೧೫ ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಪಹಣಿ ಕೈಗೆ ಸಿಗುತ್ತಿತ್ತು. ಆ ದಿನಗಳಲ್ಲಿ ಒಂದೊಂದು ತಾಲ್ಲೂಕಿಗೂ ಅದರದೇ ಯಂತ್ರ. ಹುಮನಾಬಾದದ ಯಂತ್ರಕ್ಕೆ ಹುಮನಾಬಾದದ ಜನಜಂಗುಳಿ ಮಾತ್ರ. ಕೊಳ್ಳೇಗಾಲದ ನೂಕುನುಗ್ಗಲು ಅದನ್ನು ಮುಟ್ಟುತ್ತಿರಲಿಲ್ಲ. ಅನಂತರ ಈ ಎಲ್ಲ ದಾಖಲೆಗಳೂ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಬಂದು ಸೇರಿದವು. ಇದರಿಂದ ಆದ ಅನುಕೂಲ ದೊಡ್ಡದು: ಎಲ್ಲಿಯ ಪಹಣಿಯನ್ನು ಎಲ್ಲಿಂದಲಾದರೂ ಪಡೆಯಬಹುದಾಯಿತು. ಆದರೆ ಅದೇ ಕಾರಣಕ್ಕೆ ನಾಡಿನ ಪಾಳಿಗಳೆಲ್ಲ ಒಂದೇ ಬಾಗಿಲಿಗೆ ಬಂದು ನಿಲ್ಲುವಂತಾಯಿತು. ಕೊಡಂಬಲದ ರೈತ ಕಾಣುವುದು ತನ್ನ ಮುಂದಿರುವ ಇಪ್ಪತ್ತು ಮಂದಿಯನ್ನು. ಆರುನೂರು ಕಿಲೋಮೀಟರಿಗೂ ಆಚೆ, ಅವನ ಕಣ್ಣಿಗೆ ಬೀಳದ ಬಾಗಿಲಿನಲ್ಲಿ ಅವನ ಮುಂದೆ ಲಕ್ಷ ಮಂದಿ ಇರುತ್ತಾರೆ.

ಈಗ ಮತ್ತೊಂದು ಹೆಜ್ಜೆ ಮುಂದುವರಿದಿದೆ. ಯಂತ್ರಗಳನ್ನು ಸ್ವಂತಕ್ಕೆ ಕೊಳ್ಳದೆ, ದೊಡ್ಡ ಕೇಂದ್ರಗಳಲ್ಲಿರುವ ಯಂತ್ರಗಳ ಶಕ್ತಿಯನ್ನು ಬೇಕಾದಷ್ಟು, ಬೇಕಾದ ಹೊತ್ತಿಗೆ ಬಾಡಿಗೆಗೆ ಪಡೆಯುವ ಪದ್ಧತಿ ಬಂದಿದೆ. ಇದಕ್ಕೆ ‘ಕ್ಲೌಡ್’ ಎಂದು ಹೆಸರು. ಭಾರತ ಸರ್ಕಾರ ತನ್ನ ಇಂತಹ ವ್ಯವಸ್ಥೆಗೆ ‘ಮೇಘರಾಜ’ ಎಂದೇ ನಾಮಕರಣ ಮಾಡಿದೆ. ಅದರ ರಾಷ್ಟ್ರೀಯ ಕ್ಲೌಡ್ ೨೦೧೪ರಲ್ಲಿ ಆರಂಭವಾಯಿತು. ಹೆಸರು ಮೋಡವಾದರೂ ವಸ್ತು ಆಕಾಶದಲ್ಲಿಲ್ಲ. ನೆಲದ ಮೇಲೆ, ತಂಪುಗೊಳಿಸಿದ ಕೋಣೆಗಳಲ್ಲಿ, ಕಬ್ಬಿಣದ ಕಪಾಟುಗಳಲ್ಲಿ ಇರುವ ಯಂತ್ರಗಳೇ ಅವು. ಅವುಗಳ ಮೆಮೊರಿಗೆ ಮಿತಿಯಿದೆ. ಹೆಚ್ಚು ಬೇಕೆಂದರೆ ಹೆಚ್ಚು ಬಾಡಿಗೆ ತೆರಬೇಕು.

ಎಲೆಯಿಲ್ಲದೆ ಊಟವಿಲ್ಲ

ಮೆಮೊರಿ ಎಂದರೇನು? ಜಾತ್ರೆಯ ದಾಸೋಹವನ್ನು ಕಂಡವರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಉಗ್ರಾಣದಲ್ಲಿ ಮೂಟೆಗಟ್ಟಲೆ ಧಾನ್ಯವಿರಬಹುದು. ಆದರೆ ಉಣ್ಣಲು ಕುಳಿತವನಿಗೆ ಮುಂದೊಂದು ಎಲೆ ಹಾಸುವಷ್ಟು ಜಾಗ ಬೇಕು. ಕಂಪ್ಯೂಟರಿನ ಡಿಸ್ಕು ಉಗ್ರಾಣವಿದ್ದಂತೆ. ಮೆಮೊರಿ ಪಂಕ್ತಿಯ ಜಾಗವಿದ್ದಂತೆ. ಒಂದು ಕೋರಿಕೆ ಬಂದಾಗ ಅದರ ಕೆಲಸ ಮುಗಿಯುವವರೆಗೂ ಅದಕ್ಕೆ ಇಷ್ಟು ಮೆಮೊರಿಯನ್ನು ಬಿಟ್ಟುಕೊಡಲೇಬೇಕು.

ಒಂದು ಸಣ್ಣ ಲೆಕ್ಕ ನೋಡೋಣ. ಸರ್ವರಿನ ಮೆಮೊರಿ ೮ ಗಿಗಾಬೈಟ್, ಎಂದರೆ ಸುಮಾರು ೮,೦೦೦ ಮೆಗಾಬೈಟ್ ಎಂದಿಟ್ಟುಕೊಳ್ಳೋಣ. ಯಂತ್ರದ ಸ್ವಂತ ಕೆಲಸಗಳಿಗೆ ೨,೦೦೦ ಬಿಟ್ಟರೆ ಉಳಿಯುವುದು ೬,೦೦೦. ಒಂದು ಕೋರಿಕೆಯನ್ನು ನಡೆಸುವ ‘ಕೆಲಸಗಾರ’ ೬೦ ಮೆಗಾಬೈಟ್ ಬಳಸಿದರೆ ಏಕಕಾಲಕ್ಕೆ ನೂರು ಮಂದಿಗೆ ಮಾತ್ರ ಎಲೆ ಹಾಕಬಹುದು. ನೂರಾ ಒಂದನೆಯವನು ಹೊರಗೆ ನಿಲ್ಲಬೇಕು.

ನೂರೇ ಮಂದಿಯೆಂದರೆ ಕಡಿಮೆಯಾಯಿತೆಂದು ತೋರಬಹುದು. ಆದರೆ ಒಂದು ಕೋರಿಕೆ ಅರ್ಧ ಸೆಕೆಂಡಿನಲ್ಲಿ ಮುಗಿಯುವುದಾದರೆ, ನೂರು ಎಲೆಗಳಲ್ಲಿ ಸೆಕೆಂಡಿಗೆ ೨೦೦ ಮಂದಿ ಉಂಡು ಏಳುತ್ತಾರೆ. ಗಂಟೆಗೆ ೭ ಲಕ್ಷ ೨೦ ಸಾವಿರ! ನಿಜಕ್ಕೂ ಮುಖ್ಯವಾದ ಪ್ರಶ್ನೆ ಎಷ್ಟು ಮಂದಿ ಬಂದರು ಎಂಬುದೊಂದೇ ಅಲ್ಲ. ಬಂದವರು ಎಷ್ಟು ಹೊತ್ತು ಕುಳಿತರು ಎಂಬುದೂ ಅಷ್ಟೇ ಮುಖ್ಯ.

ಈ ಸಂಬಂಧವನ್ನು ೧೯೬೧ರಲ್ಲಿ ಅಮೆರಿಕದ ಜಾನ್ ಲಿಟ್ಲ್ ಎಂಬ ವಿದ್ವಾಂಸರು ಗಣಿತದಿಂದ ಸಿದ್ಧಮಾಡಿ ತೋರಿಸಿದರು. ಒಳಗಿರುವವರ ಸಂಖ್ಯೆ ಎಂದರೆ ಸೆಕೆಂಡಿಗೆ ಬರುವವರ ಸಂಖ್ಯೆಯನ್ನು ಒಬ್ಬೊಬ್ಬರೂ ಇರುವ ಹೊತ್ತಿನಿಂದ ಗುಣಿಸಿದ ಮೊತ್ತ. ಪಾಳಿಯ ಶಾಸ್ತ್ರ ಅದಕ್ಕೂ ಹಳೆಯದು. ಕೋಪನ್‌ಹೇಗನ್ನಿನ ದೂರವಾಣಿ ಕಂಪನಿಯಲ್ಲಿದ್ದ ಎರ್ಲಾಂಗ್ ಎಂಬ ಗಣಿತಜ್ಞರು, ಎಷ್ಟು ತಂತಿಗಳಿದ್ದರೆ ಎಷ್ಟು ಕರೆಗಳನ್ನು ನಿಭಾಯಿಸಬಹುದು ಎಂಬ ವಿಚಾರವಾಗಿ ೧೯೦೯ರಲ್ಲೇ ತಮ್ಮ ಮೊದಲ ಪ್ರಬಂಧವನ್ನು ಪ್ರಕಟಿಸಿದ್ದರು.

ಲಿಟ್ಲ್ ಅವರ ಸೂತ್ರವನ್ನು ನಮ್ಮ ಲೆಕ್ಕಕ್ಕೆ ಹಚ್ಚಿದರೆ ಅಪಾಯ ಕಣ್ಣಿಗೆ ಕಟ್ಟುತ್ತದೆ. ಸೆಕೆಂಡಿಗೆ ಬರುವವರು ಅದೇ ೨೦೦ ಮಂದಿ, ಒಬ್ಬನೂ ಹೆಚ್ಚಿಲ್ಲ. ಆದರೆ ಯಾವುದೋ ಕಾರಣದಿಂದ ದಾಖಲೆಗಳ ಭಂಡಾರ ನಿಧಾನವಾಗಿ, ಒಂದೊಂದು ಕೋರಿಕೆಗೂ ಅರ್ಧ ಸೆಕೆಂಡಿನ ಬದಲು ೨ ಸೆಕೆಂಡು ಹಿಡಿಯತೊಡಗಿತು. ಒಳಗಿರುವವರು ಈಗ ನೂರಲ್ಲ, ನಾನೂರು! ಬೇಕಾದ ಮೆಮೊರಿ ೬,೦೦೦ ಮೆಗಾಬೈಟ್ ಅಲ್ಲ, ೨೪,೦೦೦! ಜನ ಹೆಚ್ಚದಿದ್ದರೂ ಚೌಲ್ಟ್ರಿ ಬಿರಿಯುತ್ತದೆ.

ಎಲ್ಲರನ್ನೂ ಒಳಗೆ ಕರೆದವನ ಪಾಡು

ಇಂತಹ ಸಮಯದಲ್ಲಿ ಯಜಮಾನನ ಎದುರು ಎರಡು ದಾರಿಗಳಿವೆ. ನೂರು ಮಂದಿಯನ್ನು ಕೂರಿಸಿ ಉಳಿದವರನ್ನು ಬಾಗಿಲಲ್ಲಿ ನಿಲ್ಲಿಸುವುದು ಒಂದು. ‘ಯಾರನ್ನೂ ಹಿಂದಕ್ಕೆ ಕಳಿಸಬಾರದು’ ಎಂಬ ಔದಾರ್ಯದಿಂದ ನಾನೂರು ಮಂದಿಯನ್ನೂ ಒಳಗೆ ಬಿಡುವುದು ಇನ್ನೊಂದು. ಎರಡನೆಯದು ನೋಡಲು ಧರ್ಮದಂತೆ ಕಾಣುತ್ತದೆ. ಅನರ್ಥವೆಲ್ಲ ಹುಟ್ಟುವುದು ಅಲ್ಲಿಯೇ.

ಜಾಗ ಸಾಲದಾದಾಗ ಯಂತ್ರ ಕುಳಿತವರ ಎಲೆಗಳನ್ನೆತ್ತಿ ಉಗ್ರಾಣದಲ್ಲಿಟ್ಟು ಹೊಸಬರಿಗೆ ಎಲೆ ಹಾಕುತ್ತದೆ. ಮತ್ತೆ ಹಳಬರ ಸರದಿ ಬಂದಾಗ ಇವರ ಎಲೆಯೆತ್ತಿ ಅವರ ಎಲೆ ತರುತ್ತದೆ. ಎಂದರೆ ಮೆಮೊರಿಯಲ್ಲಿರಬೇಕಾದುದನ್ನು ಡಿಸ್ಕಿಗೂ ಡಿಸ್ಕಿನಿಂದ ಮೆಮೊರಿಗೂ ಹೊತ್ತು ತಿರುಗುತ್ತದೆ. ಡಿಸ್ಕು ಮೆಮೊರಿಗಿಂತ ನೂರಾರು, ಕೆಲವೊಮ್ಮೆ ಸಾವಿರಾರು ಪಟ್ಟು ನಿಧಾನ. ಸ್ವಲ್ಪ ಹೊತ್ತಿನಲ್ಲಿ ಬಡಿಸುವವರೆಲ್ಲ ಎಲೆ ಹೊರುವುದರಲ್ಲೇ ನಿರತರಾಗುತ್ತಾರೆ. ಯಾರಿಗೂ ಅನ್ನ ಬೀಳುವುದಿಲ್ಲ. ಯಂತ್ರಗಳ ಈ ವ್ಯರ್ಥ ಒದ್ದಾಟವನ್ನು ಪೀಟರ್ ಡೆನ್ನಿಂಗ್ ಎಂಬ ವಿಜ್ಞಾನಿ ೧೯೬೮ರಷ್ಟು ಹಿಂದೆಯೇ ವಿವರಿಸಿ, ಅದರ ಕಾರಣವನ್ನೂ ಪರಿಹಾರವನ್ನೂ ಸೂಚಿಸಿದ್ದರು.

ಡಿಸ್ಕಿನಲ್ಲಿಯೂ ಜಾಗ ಮುಗಿದರೆ? ಇಂದಿನ ಬಹುಪಾಲು ಸರ್ವರುಗಳನ್ನು ನಡೆಸುವ ಲಿನಕ್ಸ್ ಎಂಬ ವ್ಯವಸ್ಥೆಯಲ್ಲಿ ಅದಕ್ಕೊಂದು ಕಠೋರ ನಿಯಮವಿದೆ. ನಡೆಯುತ್ತಿರುವ ಕೆಲಸಗಳಲ್ಲಿ ಒಂದನ್ನು ಆರಿಸಿ ಕೊಂದುಹಾಕಿ ಜಾಗ ಮಾಡಿಕೊಳ್ಳುತ್ತದೆ. ಸಾಮಾನ್ಯವಾಗಿ ಬಲಿಯಾಗುವುದು ಎಲ್ಲಕ್ಕಿಂತ ಹೆಚ್ಚು ಮೆಮೊರಿ ಹಿಡಿದಿರುವ ಕೆಲಸ. ದುರ್ದೈವವೆಂದರೆ ಅನೇಕ ಸಲ ಅದು ದಾಖಲೆಗಳ ಭಂಡಾರವೇ ಆಗಿರುತ್ತದೆ. ಆಗ ನಾನೂರು ಮಂದಿಯಲ್ಲಿ ಒಬ್ಬನಿಗೂ ಊಟವಿಲ್ಲ. ಅರ್ಧ ಉಂಡವನೂ ಎದ್ದು ಹೋಗಬೇಕು. ಗ್ರಾಮ ಒನ್ ಕೇಂದ್ರದ ತರುಣ ಒಂದೇ ಮಾತಿನಲ್ಲಿ ಹೇಳುವ “ಸರ್ವರ್ ಇಲ್ಲ” ಎಂಬುದರ ಹಿಂದೆ ಅನೇಕ ಸಲ ನಡೆದಿರುವುದು ಇದೇ.

ಇದಕ್ಕೆ ತುಪ್ಪ ಸುರಿಯುವುದು ಮನುಷ್ಯ ಸ್ವಭಾವ. ಚಕ್ರ ಸುತ್ತತೊಡಗಿದ ಕೂಡಲೇ ಜನ ಗುಂಡಿಯನ್ನು ಮತ್ತೆ ಮತ್ತೆ ಒತ್ತುತ್ತಾರೆ. ಒಂದೊಂದು ಒತ್ತಿಗೂ ಹೊಸದೊಂದು ಕೋರಿಕೆ ಹೊರಡುತ್ತದೆ. ಹಳೆಯದು ಮಾತ್ರ ಒಳಗೇ ಎಲೆ ಹಿಡಿದು ಕುಳಿತಿರಬಹುದು. ಹೀಗೆ ಒಬ್ಬನೇ ಐವರಾಗುತ್ತಾನೆ.

೨೦೨೩ರ ಜೂನ್, ೨೦೨೩ರ ಜುಲೈ

ಕರ್ನಾಟಕದ ಮನೆಮನೆಗೂ ಈ ಪಾಠ ತಲುಪಿದ್ದು ೨೦೨೩ರಲ್ಲಿ. ಆ ವರ್ಷದ ಜೂನ್ ೧೮ರಂದು ಗೃಹಜ್ಯೋತಿ ಯೋಜನೆಯ ನೋಂದಣಿ ಸೇವಾ ಸಿಂಧು ಜಾಲತಾಣದಲ್ಲಿ ಆರಂಭವಾಯಿತು. ತಿಂಗಳಿಗೆ ೨೦೦ ಯೂನಿಟ್‌ವರೆಗೆ ಉಚಿತ ವಿದ್ಯುತ್ತೆಂದ ಮೇಲೆ ಯಾರು ತಾನೆ ಕಾಯುತ್ತಾರೆ? ತಮಗೇ ಮೊದಲು ಸಿಗಲೆಂದು ನಾಡಿಗೆ ನಾಡೇ ಒಂದು ಬಾಗಿಲಿಗೆ ಧಾವಿಸಿತು. ಆರಂಭದ ದಿನಗಳಲ್ಲಿ ಸರ್ವರಿನ ತೊಂದರೆ ಪತ್ರಿಕೆಗಳ ಮುಖ್ಯ ಸುದ್ದಿಯಾಯಿತು. ವಿದ್ಯುತ್ ಕಚೇರಿಗಳ ಮುಂದೆ, ಸೇವಾ ಕೇಂದ್ರಗಳ ಮುಂದೆ ಜನ ಕಾದು ಕಾದು ಬೇಸತ್ತರು.

ಮರುತಿಂಗಳು ಜುಲೈ ೧೯ರಂದು ಗೃಹಲಕ್ಷ್ಮಿ ಯೋಜನೆಯ ನೋಂದಣಿ ಆರಂಭವಾಯಿತು. ಇಲ್ಲಿ ಸುಮಾರು ೧ ಕೋಟಿ ೨೮ ಲಕ್ಷ ಕುಟುಂಬಗಳ ಪ್ರಶ್ನೆ. ಆದರೆ ಈ ಸಲ ಬಾಗಿಲನ್ನು ಒಮ್ಮೆಗೇ ತೆರೆದಿಡಲಿಲ್ಲ. ಪಡಿತರ ಚೀಟಿಯ ಆಧಾರದ ಮೇಲೆ ಒಂದೊಂದು ಮನೆಯೊಡತಿಗೂ ಇಂತಹ ದಿನ, ಇಂತಹ ಹೊತ್ತು, ಇಂತಹ ಕೇಂದ್ರ ಎಂದು ಮೊಬೈಲಿಗೆ ಸಂದೇಶ ಕಳಿಸುವ ಏರ್ಪಾಡಾಯಿತು. ಒಂದೊಂದು ಕೇಂದ್ರಕ್ಕೂ ದಿನಕ್ಕೆ ೬೦ ಅರ್ಜಿಗಳೆಂದು ಮಿತಿ ಗೊತ್ತುಮಾಡಲಾಯಿತು. ಆ ನೇಮವನ್ನು ಎಲ್ಲೆಡೆ ಎಷ್ಟು ಕಟ್ಟುನಿಟ್ಟಾಗಿ ಪಾಲಿಸಿದರು ಎಂಬುದು ಬೇರೆ ಮಾತು. ಅದರ ಹಿಂದಿನ ವಿಚಾರ ಮಾತ್ರ ಸರಿಯಾದುದು. ಒಂದೇ ದಿನ ಬರುವ ಕೋಟಿ ಮಂದಿಯನ್ನು ತಾಳಬಲ್ಲ ಯಂತ್ರವನ್ನು ಕಟ್ಟುವುದಕ್ಕಿಂತ, ಅದೇ ಕೋಟಿ ಮಂದಿಯನ್ನು ಹಲವು ದಿನಗಳ ಮೇಲೆ ಹರಡುವುದು ಸುಲಭ.

ಕೋಟಿ ಮಂದಿ ಒಂದೇ ದಿನ ಬರುವುದೂ ಉಂಟು. ೨೦೨೧ರ ಏಪ್ರಿಲ್ ೨೮ರಂದು ಸಂಜೆ ೪ ಗಂಟೆಗೆ ಹದಿನೆಂಟು ದಾಟಿದವರಿಗೆ ಕೋವಿಡ್ ಲಸಿಕೆಯ ನೋಂದಣಿ ತೆರೆದಾಗ, ಕೋವಿನ್ ತಾಣಕ್ಕೆ ಸೆಕೆಂಡಿಗೆ ೫೫ ಸಾವಿರದಂತೆ ಕೋರಿಕೆಗಳು ಬಂದವೆಂದು ಸರ್ಕಾರ ಪ್ರಕಟಿಸಿತು. ಆರಂಭದ ಕೆಲವು ನಿಮಿಷ ತಡವರಿಸಿದರೂ ಅಂದು ೧ ಕೋಟಿ ೩೦ ಲಕ್ಷಕ್ಕೂ ಮಿಕ್ಕಿ ಜನ ಹೆಸರು ಬರೆಸಿದರು.

ಪರಿಹಾರಗಳು ಮತ್ತು ಅವುಗಳ ಮಿತಿ

ಹಾಗಾದರೆ ಜಾಣ ಯಜಮಾನ ಏನು ಮಾಡುತ್ತಾನೆ?

ಮೊದಲನೆಯದಾಗಿ, ಎಲ್ಲರಿಗೂ ಒಂದೇ ಆಗಿರುವ ಉತ್ತರವನ್ನು ಮತ್ತೆ ಮತ್ತೆ ಬೇಯಿಸುವುದಿಲ್ಲ. ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನ ಎಂಟು ಲಕ್ಷಕ್ಕೂ ಮೇಲ್ಪಟ್ಟು ಮಕ್ಕಳು, ಅವರಿಗಿಂತ ಹೆಚ್ಚು ಆತುರದ ತಂದೆತಾಯಿಗಳು ಒಂದೇ ನಿಮಿಷದಲ್ಲಿ ಜಾಲತಾಣದ ಬಾಗಿಲು ತಟ್ಟುತ್ತಾರೆ. ಆದರೆ ಮಗುವಿನ ಅಂಕ ಬೆಳಗ್ಗೆ ಒಂದು, ಸಂಜೆ ಒಂದು ಆಗುವುದಿಲ್ಲ. ಮೊದಲೇ ಸಿದ್ಧಪಡಿಸಿಟ್ಟ ಪ್ರತಿಯನ್ನು ಕೊಟ್ಟು ಕಳಿಸಿದರೆ ಸಾಕು. ಕೋರಿಕೆ ಕ್ಷಣಾರ್ಧದಲ್ಲಿ ಮುಗಿದು ಎಲೆ ತೆರವಾಗುತ್ತದೆ.

ಎರಡನೆಯದು, ಒಬ್ಬೊಬ್ಬ ಅತಿಥಿಗೂ ಒಬ್ಬೊಬ್ಬ ಬಡಿಸುವವನನ್ನು ನಿಲ್ಲಿಸುವ ದುಂದುಗಾರಿಕೆಯನ್ನು ಬಿಡುವುದು. ಹಳೆಯ ಪದ್ಧತಿಯ ಸರ್ವರುಗಳು ಒಂದು ಸಂಪರ್ಕಕ್ಕೆ ಒಬ್ಬ ಕೆಲಸಗಾರನನ್ನು ಮೀಸಲಿಡುತ್ತಿದ್ದವು. ಕೊಡಂಬಲದಂತಹ ಕಡೆಯ ನಿಧಾನವಾದ ಸಂಪರ್ಕದಿಂದ ಕಾಗದ ಬರುವವರೆಗೂ ಅವನು ಕೈಕಟ್ಟಿ ನಿಂತಿರುತ್ತಿದ್ದ. ರಷ್ಯದ ಇಗೋರ್ ಸಿಸೋಯೆವ್ ಎಂಬವರು ೨೦೦೪ರಲ್ಲಿ ಹೊರತಂದ ‘ಎಂಜಿನ್‌ಎಕ್ಸ್’ ಎಂಬ ತಂತ್ರಾಂಶ ಬೇರೆ ದಾರಿ ಹಿಡಿಯಿತು. ಅದರಲ್ಲಿ ಒಬ್ಬನೇ ಬಡಿಸುವವನು ಸಾವಿರಾರು ಸಂಪರ್ಕಗಳ ಮೇಲೆ ಕಣ್ಣಿಟ್ಟು, ಯಾರಿಗೆ ಬೇಕೋ ಅವರ ಬಳಿಗೆ ಮಾತ್ರ ಹೋಗುತ್ತಾನೆ.

ಮೂರನೆಯದು ಕ್ಲೌಡಿನ ವರ. ಜನ ಹೆಚ್ಚಿದಾಗ ಹೊಸ ಯಂತ್ರಗಳನ್ನು ತಾನಾಗಿಯೇ ಬಾಡಿಗೆಗೆ ತಂದು, ಜನ ಕರಗಿದಾಗ ಬಿಟ್ಟುಕೊಡುವ ವ್ಯವಸ್ಥೆ ಅದರಲ್ಲಿದೆ. ಆದರೆ ‘ಕ್ಲೌಡ್ ಇದೆ, ಇನ್ನೇನು ಚಿಂತೆ’ ಎನ್ನುವವರು ಎರಡು ಸಂಗತಿಗಳನ್ನು ಮರೆಯುತ್ತಾರೆ. ಹೊಸ ಯಂತ್ರ ಎದ್ದು ನಿಲ್ಲಲು ಎಷ್ಟೋ ಸಲ ನಿಮಿಷಗಳೇ ಬೇಕು. ನೂಕುನುಗ್ಗಲು ಸೆಕೆಂಡಿನಲ್ಲಿ ಬರುತ್ತದೆ. ಅಲ್ಲದೆ ಪಂಕ್ತಿಯ ಚಪ್ಪರಗಳು ಹತ್ತಾದರೂ ಅಡುಗೆಮನೆ ಒಂದೇ! ಎಲ್ಲ ಯಂತ್ರಗಳೂ ಕೊನೆಗೆ ಹೋಗಿ ಕೇಳುವುದು ಅದೇ ದಾಖಲೆಗಳ ಭಂಡಾರವನ್ನು. ಪೋಸ್ಟ್‌ಗ್ರೆಸ್ ಎಂಬ ಪ್ರಸಿದ್ಧ ಭಂಡಾರ ತಂತ್ರಾಂಶ ಒಂದೊಂದು ಸಂಪರ್ಕಕ್ಕೂ ಪ್ರತ್ಯೇಕ ಕೆಲಸಗಾರನನ್ನಿಡುತ್ತದೆ. ಬೇರೆ ಆಜ್ಞೆ ಕೊಡದಿದ್ದರೆ ನೂರು ಸಂಪರ್ಕಗಳಿಗೇ ಅದರ ಬಾಗಿಲು ಮುಚ್ಚುತ್ತದೆ. ಮುಂದೆ ಚಪ್ಪರ ಹೆಚ್ಚಿಸಿ ಹಿಂದೆ ಒಲೆಯನ್ನು ಮರೆತರೆ ಗದ್ದಲ ಹೆಚ್ಚುತ್ತದೆಯೇ ಹೊರತು ಊಟವಲ್ಲ.

ನಾಲ್ಕನೆಯದು, ಒಬ್ಬನಿಗೆ ಇಷ್ಟೇ ಎಂಬ ಮಿತಿ. ಕರ್ನಾಟಕದ ಆಸ್ತಿ ನೋಂದಣಿಯ ಕಾವೇರಿ ೨.೦ ವ್ಯವಸ್ಥೆ ೨೦೨೪ರ ಡಿಸೆಂಬರ್ ಮತ್ತು ೨೦೨೫ರ ಜನವರಿಯಲ್ಲಿ ತತ್ತರಿಸಿದಾಗ, ಯಾರೋ ದುರುದ್ದೇಶದಿಂದ ಯಂತ್ರಗಳ ಮೂಲಕ ಸುಳ್ಳು ಕೋರಿಕೆಗಳ ಮಳೆಗರೆದದ್ದು ಬೆಳಕಿಗೆ ಬಂದಿತು. ಮನೆ ಕೊಂಡವರು, ಮಾರಿದವರು, ಸಾಲಕ್ಕೆ ಕಾದವರು ಅದರ ಫಲ ಉಣ್ಣಬೇಕಾಯಿತು. ಒಬ್ಬನೇ ನೂರು ಎಲೆ ಹಿಡಿಯದಂತೆ ನೋಡಿಕೊಳ್ಳುವುದೂ ಯಜಮಾನನ ಧರ್ಮವೇ.

ವಿನಯದ ನಿರಾಕರಣೆ

ಇಷ್ಟೆಲ್ಲ ಮಾಡಿದ ಮೇಲೂ ನೂರಾ ಒಂದನೆಯವನು ಬಂದೇ ಬರುತ್ತಾನೆ. ಅವನನ್ನು ಹೇಗೆ ನಡೆಸಿಕೊಳ್ಳುತ್ತೇವೆ ಎಂಬುದರಲ್ಲಿಯೇ ವ್ಯವಸ್ಥೆಯ ನಿಜವಾದ ಪರೀಕ್ಷೆ.

ಅಮೆರಿಕದಂತಹ ಸಂಪನ್ನ ದೇಶವೂ ಈ ಪರೀಕ್ಷೆಯಲ್ಲಿ ಒಮ್ಮೆ ಸೋತಿತ್ತು. ಅಲ್ಲಿನ ಸರ್ಕಾರ ಆರೋಗ್ಯ ವಿಮೆಗಾಗಿ ೨೦೧೩ರ ಅಕ್ಟೋಬರ್ ೧ರಂದು ತೆರೆದ ಜಾಲತಾಣಕ್ಕೆ ಲಕ್ಷಾಂತರ ಜನ ಬಂದರು. ಮೊದಲ ದಿನದ ಕೊನೆಗೆ ನೋಂದಣಿ ಪೂರ್ಣಗೊಳಿಸಲು ಶಕ್ತರಾದವರು ಕೇವಲ ೬ ಮಂದಿ! ಎರಡು ತಿಂಗಳ ದುರಸ್ತಿಯ ಬಳಿಕ ಅಲ್ಲಿ ಸೇರಿಸಿದ ಅನುಕೂಲಗಳಲ್ಲಿ ಒಂದು ಪಾಳಿ: ಜನ ಮಿತಿಮೀರಿದಾಗ ಹೊಸಬರನ್ನು ಹೊರಗಿನ ಪಡಸಾಲೆಯಲ್ಲಿ ಕೂರಿಸುವ ಏರ್ಪಾಡು.

ಪಾಳಿಯಲ್ಲಿರುವವನಿಗೆ ಬೇಕಾದ ಮೆಮೊರಿ ಅತ್ಯಲ್ಪ. ಅವನ ಹೆಸರು, ಅವನ ಸಂಖ್ಯೆ, ಬಂದ ಹೊತ್ತು, ಇಷ್ಟನ್ನು ಬರೆದಿಟ್ಟರೆ ಸಾಕು. ಊಟಕ್ಕೆ ಎಲೆ ಬೇಕು. ಹೆಸರು ಬರೆದುಕೊಳ್ಳಲು ಒಂದು ಗೆರೆ ಸಾಕು. ಹಿಂದೆ ಅಂಚೆ ಕಚೇರಿಯಲ್ಲಿ ರಿಜಿಸ್ಟರ್ಡ್ ಪತ್ರ ಕೊಟ್ಟವನು ಅದು ಊರು ಸೇರುವವರೆಗೂ ಕಿಟಕಿಯಲ್ಲಿ ನಿಂತಿರುತ್ತಿದ್ದನೇ? ರಸೀದಿ ಪಡೆದು ನಿಶ್ಚಿಂತನಾಗಿ ಮನೆಗೆ ಹೋಗುತ್ತಿದ್ದ. ಅದೇ ರೀತಿ ಅರ್ಜಿಯನ್ನು ತೆಗೆದುಕೊಂಡು, “ನಿಮ್ಮ ಅರ್ಜಿ ತಲುಪಿದೆ, ಸಂಖ್ಯೆ ಇಷ್ಟು, ಪರಿಶೀಲನೆ ರಾತ್ರಿ ನಡೆಯುತ್ತದೆ” ಎಂದು ಹೇಳಿ ಕಳಿಸುವ ಸರ್ವರನ್ನು ಕಟ್ಟುವುದು ಅಸಾಧ್ಯವೇನಲ್ಲ. ಆ ವಿದ್ಯೆ ತಂತ್ರಜ್ಞರಿಗೆ ಚೆನ್ನಾಗಿ ಗೊತ್ತು. ಅದೂ ಆಗದಿದ್ದರೆ, “ಈಗ ಆಗದು, ಇಷ್ಟು ನಿಮಿಷ ಬಿಟ್ಟು ಬನ್ನಿ” ಎಂದು ಸ್ಪಷ್ಟವಾಗಿ ತಿಳಿಸುವ ಸಂಕೇತವೂ ಜಾಲದ ನಿಯಮಗಳಲ್ಲಿಯೇ ಇದೆ. ೫೦೩ ಎಂಬುದು ಅದರ ಸಂಖ್ಯೆ. ಸುಮ್ಮನೆ ಸುತ್ತುವ ಚಕ್ರಕ್ಕಿಂತ ಪ್ರಾಮಾಣಿಕವಾದ ‘ಇಲ್ಲ’ ಮೇಲು. ಅದಕ್ಕಿಂತಲೂ ಮೇಲು, ಕೈಗೆ ಬಂದ ಒಂದು ರಸೀದಿ.

ನಗರದ ಗೃಹಸ್ಥನಿಗೆ “ನಾಳೆ ಬನ್ನಿ” ಎಂದರೆ ಅರ್ಧ ಗಂಟೆಯ ಬೇಸರ. ರಾತ್ರಿ ಊಟವಾದ ಮೇಲೆ ಹಾಸಿಗೆಯಲ್ಲಿ ಒರಗಿ ಮತ್ತೆ ಪ್ರಯತ್ನಿಸಬಹುದು. ಆಗ ಜನಸಂದಣಿಯೂ ಕಡಿಮೆ. ಅವನು ಮಾಡಬಹುದಾದ ಉಪಕಾರವೂ ಅದೇ: ಕಡೆಯ ದಿನಕ್ಕೆ ಕಾಯದಿರುವುದು, ಗುಂಡಿಯನ್ನು ಮತ್ತೆ ಮತ್ತೆ ಒತ್ತದಿರುವುದು, ಹಗಲಿನ ಹೊತ್ತನ್ನು ಬೇರೆ ದಾರಿಯಿಲ್ಲದವರಿಗೆ ಬಿಡುವುದು.

ಕೊಡಂಬಲದ ರೈತನಿಗೆ ಆ ಮಾತಿನ ಬೆಲೆ ಬೇರೆ. ಒಂದು ದಿನದ ಕೆಲಸ ಹೋಯಿತು. ಬಂದು ಹೋಗುವ ಖರ್ಚು ಹೋಯಿತು. ಇಂದು ಜುಲೈ ೩೧ ಆಗಿದ್ದರೆ, ನಾಳೆ ಎಂಬುದೇ ಅವನ ಪಾಲಿಗಿಲ್ಲ. ಮುಂದೆ ಅತಿವೃಷ್ಟಿಗೆ ತೊಗರಿ ಕೊಳೆತು ನಿಂತರೆ, ವಿಮೆಯ ಪಟ್ಟಿಯಲ್ಲಿ ಅವನ ಹೆಸರು ಹುಡುಕಿದರೂ ಸಿಗುವುದಿಲ್ಲ. ಅವನು ಬಂದಿದ್ದ, ಮಧ್ಯಾಹ್ನದವರೆಗೆ ನಿಂತಿದ್ದ ಎಂಬುದಕ್ಕೆ ಯಾವ ದಾಖಲೆಯೂ ಇರುವುದಿಲ್ಲ. ಅಂದು ಅವನ ಹೆಸರನ್ನೂ ಬಂದ ಹೊತ್ತನ್ನೂ ಬರೆದಿಟ್ಟುಕೊಳ್ಳಲು ಬೇಕಾಗಿದ್ದ ಮೆಮೊರಿ, ಒಂದು ಅಂಚೆ ಕಾರ್ಡಿನಲ್ಲಿ ಹಿಡಿಸುವ ಅಕ್ಷರಗಳಷ್ಟು ಮಾತ್ರ.